ಆನ್‌ಲೈನ್ ಕೋರ್ಸ್‌ಗೆ ಸ್ವಂತ ಮೂಡಲ್ ಬೇಕೇ?

ಮೂಡಲ್ ಎಂದರೆ ಪಾಠ, ಪರೀಕ್ಷೆ, ಅಂಕ ನೋಡಿಕೊಳ್ಳುವ, ನಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದಾದ ತಂತ್ರಾಂಶ. ಇನ್ನೊಂದು ದಾರಿ, ಕಂಪನಿಯೊಂದರ ಪ್ಲಾಟ್‌ಫಾರ್ಮ್‌ನಲ್ಲಿ ಬಾಡಿಗೆ ಜಾಗ.

ಪರ

ಕೋರ್ಸ್ ಶುರು ಮಾಡುವವರೆಲ್ಲ ಮೊದಲು ವಿಚಾರಿಸುವುದು ವಿಡಿಯೊ ಚೆನ್ನಾಗಿ ಕಾಣುತ್ತದೆಯೇ, ಫೀಸು ಸಲೀಸಾಗಿ ಬರುತ್ತದೆಯೇ ಎಂದು. ಪರೀಕ್ಷೆಯ ಪ್ರಶ್ನೆಗಳು ಎಲ್ಲಿರುತ್ತವೆ ಎಂದು ಯಾರೂ ಕೇಳುವುದಿಲ್ಲ. ಮೂರು ವರ್ಷ ಕಳೆಯಲಿ. ವಿಡಿಯೊಗಳು ಹಳತಾಗಿ ಒಮ್ಮೆಯಾದರೂ ಬದಲಾಗಿರುತ್ತವೆ. ಉಳಿಯುವ ಆಸ್ತಿ ಎಂದರೆ ತಿದ್ದಿ ತೀಡಿದ ನೂರಾರು ಪ್ರಶ್ನೆಗಳು, ಒಂದೊಂದು ತಪ್ಪು ಉತ್ತರಕ್ಕೂ ಬರೆದ ವಿವರಣೆ, ಎಲ್ಲಿ ಎಷ್ಟು ಜನ ಎಡವಿದರು ಎಂಬ ಲೆಕ್ಕ.

ನಾನು ಒಮ್ಮೆ ಬಾಡಿಗೆ ಪ್ಲಾಟ್‌ಫಾರ್ಮ್ ಬಿಟ್ಟು ಬಂದವನು. ‘ಎಕ್ಸ್‌ಪೋರ್ಟ್’ ಒತ್ತಿದರೆ ಸಿಕ್ಕಿದ್ದು ಹೆಸರು, ಇಮೇಲ್ ಇದ್ದ ಒಂದು ಶೀಟ್, ಅಷ್ಟೇ. ಪ್ರಶ್ನೆಗಳನ್ನು ಒಂದೊಂದಾಗಿ ಕಾಪಿ ಮಾಡಿ ಅಂಟಿಸುತ್ತ ಎರಡು ವಾರ ಕೂತೆ.

ಮೂಡಲ್‌ನಲ್ಲಿ ಆ ಪಾಡಿಲ್ಲ. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ 2002ರಲ್ಲಿ ಇದರ ಮೊದಲ ಆವೃತ್ತಿ ಹೊರತಂದರು. ಜಿಪಿಎಲ್ ಎಂಬ ಮುಕ್ತ ತಂತ್ರಾಂಶದ ಲೈಸೆನ್ಸ್ ಇರುವುದರಿಂದ ಯಾರು ಬೇಕಾದರೂ ಹಾಕಿಕೊಳ್ಳಬಹುದು, ತಿದ್ದಬಹುದು. ಇಡೀ ಕೋರ್ಸ್ ಒಂದೇ ಬ್ಯಾಕಪ್ ಫೈಲಾಗಿ ಇಳಿಯುತ್ತದೆ, ಬೇಕೆಂದರೆ ವಿದ್ಯಾರ್ಥಿಗಳ ಅಂಕಗಳ ಸಮೇತ. ಪ್ರಶ್ನೆಗಳು ‘ಗಿಫ್ಟ್’ ಎಂಬ ಸಾದಾ ಟೆಕ್ಸ್ಟ್ ರೂಪದಲ್ಲೂ ಬರುತ್ತವೆ: ಸರಿಯುತ್ತರದ ಮುಂದೆ =, ತಪ್ಪಿನ ಮುಂದೆ ~. ನೋಟ್‌ಪ್ಯಾಡ್ ಸಾಕು.

ಕಂಪನಿಯೊಂದನ್ನೇ ನಂಬಿ ಕೂತರೆ ಏನಾಗಬಹುದು ಎನ್ನುವುದಕ್ಕೆ ಇನ್ನೊಂದು ಹಳೆಯ ಕಥೆ. ಒಂದೇ ಲಾಗಿನ್‌ನಲ್ಲಿ ಒಬ್ಬರೇ ಒಂದು ಕೋರ್ಸ್‌ಗೆ ಶಿಕ್ಷಕರು, ಇನ್ನೊಂದಕ್ಕೆ ವಿದ್ಯಾರ್ಥಿ ಆಗಬಹುದಲ್ಲ, ಅದಕ್ಕೂ ಇಂಥದೇ ತಂತ್ರಾಂಶ ಮಾರುತ್ತಿದ್ದ ಬ್ಲ್ಯಾಕ್‌ಬೋರ್ಡ್ ಕಂಪನಿ 2006ರಲ್ಲಿ ಅಮೆರಿಕದ ಪೇಟೆಂಟ್ ಪಡೆದು ಪ್ರತಿಸ್ಪರ್ಧಿ ಕಂಪನಿ ಡಿಸೈರ್‌ಟುಲರ್ನ್ ಮೇಲೆ ದಾವೆ ಹೂಡಿತು. 2008ರಲ್ಲಿ ಜ್ಯೂರಿ ಸುಮಾರು 31 ಲಕ್ಷ ಡಾಲರ್ ಪರಿಹಾರವನ್ನೂ ಕೊಡಿಸಿತು. 2009ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಆ ಪೇಟೆಂಟ್ ನಿಲ್ಲಲಿಲ್ಲ ಎನ್ನುವುದು ಬೇರೆ ಮಾತು. ಅಷ್ಟರವರೆಗೆ ಪ್ರತಿಸ್ಪರ್ಧಿಯ ಗ್ರಾಹಕರಿಗೆ ನಿದ್ದೆ ಹೇಗೆ ಬಂದಿದ್ದೀತು?

ವಿರೋಧ

ಫೈಲ್ ಕೈಯಲ್ಲಿದೆ ಎಂದಮಾತ್ರಕ್ಕೆ ಕೋರ್ಸ್ ನಡೆಯುವುದಿಲ್ಲ.

ಸಂಗೀತ ಕಲಿಸುವ ಪರಿಚಿತರೊಬ್ಬರಿಗೆ ಮೂಡಲ್ ಹಾಕಿಕೊಟ್ಟವನು ನಾನೇ. ಮೊದಲ ವಾರವೇ ಶಿಷ್ಯರು ಹಾಡಿ ಕಳಿಸಿದ್ದು ಅಪ್‌ಲೋಡ್ ಆಗಲಿಲ್ಲ. ಮೂಡಲ್ ಓಡುವುದಕ್ಕೆ ಸರ್ವರ್‌ನಲ್ಲಿ ಬೇಕಾದ ಪಿಎಚ್‌ಪಿ ತಾನಾಗಿ ಒಪ್ಪುವುದು 2 ಎಂಬಿ ಫೈಲ್. ಸಾಧಾರಣ ಗುಣಮಟ್ಟದ ಎಂಪಿ3 ಆದರೂ ಮೂರು ನಿಮಿಷಕ್ಕೆ ಅದನ್ನು ದಾಟುತ್ತದೆ. ಸೆಟ್ಟಿಂಗ್‌ನ ಒಂದು ಸಾಲು ಬದಲಿಸಿದರೆ ಮುಗಿಯಿತು, ನಿಜ. ಆದರೆ ಆ ಸಾಲು ಯಾವ ಫೈಲಿನಲ್ಲಿದೆ ಎಂದು ರಾಗ ಕಲಿಸುವವರಿಗೆ ಯಾಕೆ ಗೊತ್ತಿರಬೇಕು?

ಆಮೇಲೆ ಕ್ರಾನ್. ನಿಮಿಷಕ್ಕೊಮ್ಮೆ ಸರ್ವರ್‌ನಲ್ಲಿ ಓಡಬೇಕಾದ ಈ ಕೆಲಸ ನಿಂತರೆ ಸೈಟ್ ಬೀಳುವುದಿಲ್ಲ, ವಿದ್ಯಾರ್ಥಿಗಳ ಪರದೆಯಲ್ಲಿ ಕೆಂಪು ಅಕ್ಷರವೂ ಕಾಣುವುದಿಲ್ಲ. ಮೇಲ್ ಮಾತ್ರ ಹೋಗುವುದಿಲ್ಲ. ಆ ಸಂಗೀತ ಶಿಕ್ಷಕರು ಕ್ಲಾಸಿನ ಹೊತ್ತು ಬದಲಾಗಿದೆ ಎಂದು ಸೂಚನೆ ಹಾಕಿ ನಿಶ್ಚಿಂತೆಯಿಂದಿದ್ದರು. ಮರುದಿನ ಅರ್ಧ ತರಗತಿ ಹಳೆಯ ಹೊತ್ತಿಗೇ ಬಂದು ಕಾದು ಹೋಯಿತು. ಆ ಬೈಗುಳ ಬಿದ್ದದ್ದು ಕ್ರಾನ್‌ಗಲ್ಲ.

ಮೂಡಲ್‌ಗೆ ವರ್ಷಕ್ಕೆ ಎರಡು ದೊಡ್ಡ ಆವೃತ್ತಿ ಬರುತ್ತವೆ. ಬಿಟ್ಟರೆ ಭದ್ರತೆಗೆ ಕುತ್ತು. ಏರಿಸಿದರೆ ಹೆಚ್ಚಿನ ಅನುಕೂಲಕ್ಕೆ ಸೇರಿಸಿಕೊಂಡ ಯಾವುದೋ ಪ್ಲಗಿನ್ ಮುನಿಸಿಕೊಳ್ಳುತ್ತದೆ.

ಕೋರ್ಸನ್ನು ಬೇರೆಡೆಗೆ ಹೊತ್ತೊಯ್ಯುವ ಮಾತಿಗೂ ಮಿತಿಯಿದೆ. ಮೂಡಲ್ ಬ್ಯಾಕಪ್ ಪೂರ್ತಿಯಾಗಿ ಬಿಚ್ಚಿಕೊಳ್ಳುವುದು ಇನ್ನೊಂದು ಮೂಡಲ್‌ನಲ್ಲೇ. ಯಾವ ಪ್ಲಾಟ್‌ಫಾರ್ಮ್‌ನಲ್ಲಾದರೂ ಓಡಲಿ ಎಂದೇ ಮಾಡಿದ ಸ್ಕಾರ್ಮ್ ಎಂಬ ಮಾನಕದ ಪ್ಯಾಕೇಜ್‌ನೊಳಗೆ ಪಾಠ ಹೋಗುತ್ತದೆ, ಕಲಿತವರ ದಾಖಲೆ ಹೋಗುವುದಿಲ್ಲ. 2001ರ ಸ್ಕಾರ್ಮ್ 1.2ರಲ್ಲಂತೂ ವಿದ್ಯಾರ್ಥಿ ಎಲ್ಲಿ ನಿಲ್ಲಿಸಿದ ಎಂಬ ಗುರುತಿಗೆ ಇರುವ ಜಾಗ 4,096 ಅಕ್ಷರ. ಉದ್ದದ ಪಾಠದಲ್ಲಿ ಅದು ತುಂಬಿತೋ, ಮರುದಿನ ತೆರೆದವನು ಮತ್ತೆ ಮೊದಲ ಸ್ಲೈಡಿನ ಮುಂದೆ ಕೂತಿರುತ್ತಾನೆ.

ಈಗ ಆ ಸಂಗೀತ ಶಿಕ್ಷಕರ ಕೋರ್ಸ್ ಬಾಡಿಗೆ ಜಾಗದಲ್ಲಿದೆ. ಪ್ರಶ್ನೆಗಳನ್ನು ಮಾತ್ರ ಮೊದಲು ಗಿಫ್ಟ್‌ನಲ್ಲೇ ಬರೆದು ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಳ್ಳುತ್ತಾರೆ, ಅಷ್ಟು ಪಾಠ ಮೂಡಲ್‌ನಿಂದಲೇ ಆಯಿತು. ಎರಡು ಬ್ಯಾಚ್ ಮುಗಿದಿವೆ. ರಾತ್ರಿ ಹತ್ತಕ್ಕೆ ಅವರಿಗೆ ಶಿಷ್ಯರ ಫೋನ್ ಬಂದರೆ ಅದು ಸ್ವರದ ವಿಷಯಕ್ಕೆ. ನನಗಂತೂ ಬರುವುದೇ ಇಲ್ಲ.