ಅನುಮಾನ ಮರ ಹತ್ತುವವನ ಮೇಲೆ ಮಾತ್ರ ಯಾಕೆ?

ಕೆಲಸ ಮಾಡುವಾಗ ಗಾಯವಾದರೆ, ಸತ್ತರೆ ದುಡ್ಡು ಸಿಗುವ ಕಾರ್ಮಿಕರ ಪರಿಹಾರ ವಿಮೆಯಲ್ಲಿ ಸುಳ್ಳು ಹೇಳಿ ದುಡ್ಡು ಹೊಡೆಯುವ ಕೂಲಿಯವರ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದ್ದಾರೆ, ಇಲ್ಲ ಅನ್ನುವುದಿಲ್ಲ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು, ಅಡಿಕೆ ಮರದಿಂದ ಬಿದ್ದೆ ಅನ್ನುವವರು. ತನಿಖೆಗೆ ಬರುವವರು ಮೊದಲು ನೋಡಬೇಕಾದ್ದು ಹೇಗೆ ಪೆಟ್ಟಾಯಿತು ಅಂತ ಆಸ್ಪತ್ರೆಗೆ ಸೇರಿಸಿದ ದಿನವೇ ಬರೆದ ಚೀಟಿ. ಆಮೇಲೆ ತಿಂಗಳು. ಮೇ ತಿಂಗಳಲ್ಲಿ ಕೊನೆ (ಅಡಿಕೆ ಗೊನೆ) ತೆಗೆಯುವಾಗ ಬಿದ್ದೆ ಅಂದರೆ ನಮ್ಮ ತೀರ್ಥಹಳ್ಳಿ ಕಡೆ ಮಕ್ಕಳೂ ನಗುತ್ತವೆ, ಆಗ ಕೊಯ್ಲೇ ಇರುವುದಿಲ್ಲ.

ಆದರೆ ಇನ್ನೊಂದು ಮೋಸ, ತೋಟದ ಮಾಲೀಕರದ್ದು, ನಿಮ್ಮ ಲೇಖನದಲ್ಲಿ ಬಂದೇ ಇಲ್ಲ. ಕೆಲಸಕ್ಕೆ ಹನ್ನೆರಡು ಜನ, ಪಾಲಿಸಿಯಲ್ಲಿ ನಾಲ್ಕೇ ಜನ. ಸಂಬಳವನ್ನೂ ಕಮ್ಮಿ ಬರೆಸುತ್ತಾರೆ, ಪ್ರೀಮಿಯಂ ಉಳಿಯುತ್ತೆ ಅಲ್ವಾ. ಪರಿಹಾರದ ಲೆಕ್ಕ ನಿಂತಿರುವುದೇ ಸಂಬಳ ಮತ್ತು ವಯಸ್ಸಿನ ಮೇಲೆ. ಸತ್ತರೆ ತಿಂಗಳ ಸಂಬಳದ ಶೇ 50, ಶಾಶ್ವತವಾಗಿ ಏನೂ ದುಡಿಯಲಾಗದಂತಾದರೆ ಶೇ 60. ಅದನ್ನು ವಯಸ್ಸಿಗೆ ನಿಗದಿಯಾದ ಅಂಕಿಯಿಂದ ಗುಣಿಸುತ್ತಾರೆ.

ನಮ್ಮೂರಿನ ಒಬ್ಬ ಕೊನೆಗಾರ, ಅಂದರೆ ಮರ ಹತ್ತಿ ಅಡಿಕೆ ಕೊನೆ ತೆಗೆಯುವವನು, ಬಿದ್ದಾಗ ಅವನ ಹೆಸರು ಹಾಜರಿ ಪುಸ್ತಕದಲ್ಲೇ ಇರಲಿಲ್ಲ. ಆ ತೋಟದಲ್ಲಿ ದುಡಿದದ್ದು ಆರು ವರ್ಷ! ಕೂಲಿ ಕೊಟ್ಟದ್ದಕ್ಕೆ ಒಂದು ಚೀಟಿಯೂ ಇಲ್ಲ. ಉಳಿದದ್ದು ಕೆಳಗೆ ಹಗ್ಗ ಹಿಡಿಯುತ್ತಿದ್ದವನ ಸಾಕ್ಷಿ ಮಾತ್ರ. ಆ ಹಗ್ಗ ಹಿಡಿಯುವವನನ್ನು ತೋಟದವರು ಮಾರನೇ ವರ್ಷ ಕೊನೆ ಕೊಯ್ಲಿಗೆ ಕರೆಯಲಿಲ್ಲ.