ಚಿನ್ನಸ್ವಾಮಿಯ ಹುಲ್ಲು ಸುಖವಾಗಿದೆ

ಚಿನ್ನಸ್ವಾಮಿ ಕ್ರೀಡಾಂಗಣದ ರಿಪೇರಿ ಮಾತು ಎದ್ದಾಗಿನಿಂದ ಬೆಂಗಳೂರಿನಲ್ಲಿ ಸಿವಿಲ್ ಎಂಜಿನಿಯರುಗಳಿಗೆ ಬರವಿಲ್ಲ. ದರ್ಶಿನಿಯ ಕಟ್ಟೆಗೆ ಮೊಣಕೈ ಊರಿ ಬೈಟೂ ಕಾಫಿ ಹೀರುವವನೂ ಗೇಟು ಎಷ್ಟು ಅಗಲ ಇರಬೇಕು, ಮೆಟ್ಟಿಲು ಎಷ್ಟು ಎತ್ತರ ಇರಬೇಕು ಅಂತ ನಿಂತ ನಿಲುವಿನಲ್ಲೇ ಲೆಕ್ಕ ಹಾಕಿ ಕೊಡುತ್ತಾನೆ. ಅವನ ಮನೆ ಮುಂದಿನ ಮೋರಿಯ ಚಪ್ಪಡಿ ಮುರಿದು ಎರಡು ಮಳೆಗಾಲ ಕಳೆದಿದೆ. ಅದರ ಬಗ್ಗೆ ಕೇಳಿ, ಅಭಿಪ್ರಾಯವೇ ಇಲ್ಲ.

ಪ್ರತಿಕ್ರಿಯೆಗಳಂತೂ ಒಂದಕ್ಕಿಂತ ಒಂದು ಘನವಾದವು. ಗೇಟು ಅಗಲ ಮಾಡುತ್ತಾರಂತೆ ಅಂದರೆ, ‘ಹಾಗಾದ್ರೆ ನಮ್ಮ ಸ್ಟ್ಯಾಂಡಲ್ಲಿ ಸೀಟು ಕಮ್ಮಿ ಆಗುತ್ತಾ?’ ಅನ್ನುತ್ತಾರೆ. ಕುರ್ಚಿ ಬದಲಾಗಬೇಕು ಅಂದರೆ, ‘ನೀಲಿ ಮಾತ್ರ ಬೇಡ ಕಣ್ರೀ, ಟಿವಿಯಲ್ಲಿ ವಾಂಖೆಡೆ ಥರ ಕಾಣುತ್ತೆ.’ 300ಕ್ಕೂ ಹೆಚ್ಚು ಎಐ ಕ್ಯಾಮೆರಾ ಹಾಕಿಸಿಕೊಡುತ್ತೇವೆ ಅಂತ ಆರ್‌ಸಿಬಿಯವರು ಮುಂದೆ ಬಂದಾಗಲಂತೂ, ಪಂದ್ಯಕ್ಕೆ ಹೋಗುವುದೇ ಕ್ಯಾಮೆರಾ ಕಡೆ ಕೈ ಬೀಸುವುದಕ್ಕೆ ಅಂತ ನಂಬಿರುವ ವರ್ಗಕ್ಕೆ ರೋಮಾಂಚನವೇ ಆಗಿರಬೇಕು. ಬಾಗಿಲಲ್ಲಿ ಜನ ಒತ್ತೊತ್ತಾಗಿ ಸೇರಿದರೆ ಆ ಕ್ಯಾಮೆರಾ ಕೂಡಲೇ ಪತ್ತೆ ಹಚ್ಚುತ್ತದಂತೆ. ಒಳ್ಳೆಯದು. ಇಷ್ಟು ವರ್ಷ ಬಾಗಿಲಲ್ಲಿ ಒತ್ತಿಸಿಕೊಂಡು ನಿಂತವನಿಗೆ ಒತ್ತಿದ್ದು ಗೊತ್ತೇ ಆಗಿರಲಿಲ್ಲ ಪಾಪ.

ಬೊಮ್ಮಸಂದ್ರದ ಸುದ್ದಿ ಬಂದ ಮೇಲೆ ಈ ಜಗಳಕ್ಕೆ ಭೂಗೋಳವೂ ಸೇರಿಕೊಂಡಿತು. ಅಲ್ಲಿನ ಸೂರ್ಯನಗರದಲ್ಲಿ 80,000 ಜನ ಕೂರುವ ಕ್ರೀಡಾಂಗಣ ಕಟ್ಟಲು ಸರ್ಕಾರ ಹೊರಟಿದೆ. ಯಲಹಂಕದವರು ಅದನ್ನು ಕರ್ನಾಟಕದ ಒಳಗಿನ ಸ್ಥಳ ಅಂತ ಒಪ್ಪಲೇ ಇಲ್ಲ. ‘ಹೊಸೂರಿಗೆ ಹತ್ತಿರ, ಚೆನ್ನೈನವರಿಗೆ ಇನ್ನೊಂದು ಹೋಮ್ ಗ್ರೌಂಡ್ ಕಟ್ಟಿಸಿಕೊಟ್ಟಂಗಾಯ್ತು’ ಅಂದರು. ಇಪ್ಪತ್ತು ಓವರಿನ ಪಂದ್ಯ ನೋಡಲು ಸಿಲ್ಕ್ ಬೋರ್ಡ್ ದಾಟಿ ಹೋಗುವುದೆಂದರೆ ಬೆಳಗ್ಗೆ ಟೆಸ್ಟ್ ಪಂದ್ಯದ ಹೊತ್ತಿಗೆ ಮನೆ ಬಿಡಬೇಕು. ‘ಮೆಟ್ರೊ ಇದೆಯಲ್ಲ’ ಅಂತ ಅಧಿಕಾರಿಗಳು ಹೇಳಬಹುದು. ಇದೆ. ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದಾಗ 25 ನಿಮಿಷಕ್ಕೊಂದು ರೈಲು ಓಡುತ್ತಿತ್ತು. ಆ ಲೆಕ್ಕದಲ್ಲಿ 80,000 ಜನರನ್ನು ಮನೆಗೆ ಕಳಿಸುವುದರೊಳಗೆ ಮುಂದಿನ ವರ್ಷದ ಐಪಿಎಲ್ ಆಟಗಾರರ ಹರಾಜು ಮುಗಿದಿರುತ್ತಿತ್ತು.

ಬೊಮ್ಮಸಂದ್ರವನ್ನು ಮನಸಾರೆ ಸ್ವಾಗತಿಸುವವರು ಯಾರಾದರೂ ಇದ್ದರೆ ಅದು ಬೌಲರುಗಳು. 2013ರ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಕ್ರಿಸ್ ಗೇಲ್ ಒಬ್ಬನೇ 175 ಹೊಡೆದ. ಆಗ ನಾವು ಕುಣಿದೆವು. 2024ರ ಏಪ್ರಿಲ್‌ನಲ್ಲಿ ಹೈದರಾಬಾದಿನವರು ಅದೇ ಮೈದಾನದಲ್ಲಿ 3 ವಿಕೆಟ್‌ಗೆ 287 ಚಚ್ಚಿದರು. ಬೌಂಡರಿ ತೀರಾ ಹತ್ತಿರವಾಯಿತು ಅನ್ನುವುದು ನಮಗೆ ಹೊಳೆದದ್ದು ಆಮೇಲೆ.

ಇಷ್ಟೆಲ್ಲ ಗಲಾಟೆಯ ನಡುವೆ ನನಗೆ ಹೊಟ್ಟೆಕಿಚ್ಚು ತರಿಸುವುದು ಅಲ್ಲಿನ ಹುಲ್ಲು. ಬೆಂಗಳೂರಿನಲ್ಲಿ ಅಷ್ಟು ಮರ್ಯಾದೆಯಿಂದ ಬಾಳುವ ಇನ್ನೊಂದು ಜೀವ ನನಗೆ ಗೊತ್ತಿಲ್ಲ. 2017ರಲ್ಲಿ ಅದರ ಬೇರಿನಡಿಗೆ ಸಬ್‌ಏರ್ ಅನ್ನುವ ಯಂತ್ರ ಬಂತು. ಮಳೆ ಬಿದ್ದರೆ ಕೆಳಗಿನ ಕೊಳವೆಗಳು ನೀರನ್ನು ಎಳೆದುಕೊಳ್ಳುತ್ತವೆ, ಮಳೆ ನಿಂತು ಸ್ವಲ್ಪ ಹೊತ್ತಿನಲ್ಲೇ ಆಟಕ್ಕೆ ನೆಲ ಸಿದ್ಧ. ಸೆಕೆ ಅನ್ನಿಸಿದರೆ ಅದೇ ಯಂತ್ರ ಬೇರಿಗೆ ಗಾಳಿಯನ್ನೂ ಊದುತ್ತದೆ. ಜಗತ್ತಿನ ಕ್ರಿಕೆಟ್ ಮೈದಾನಗಳಲ್ಲೇ ಇಂಥ ಸೌಕರ್ಯ ಮೊದಲು ಬಂದದ್ದು ನಮ್ಮಲ್ಲಿ. ಅದಕ್ಕೂ ಮೊದಲೇ, 2015ರಲ್ಲಿ, ಚಾವಣಿಗೆ ಸೌರ ಫಲಕ ಹತ್ತಿತ್ತು. 2024ರ ಬೇಸಿಗೆಯಲ್ಲಿ ಊರಿಗೆ ಊರೇ ಟ್ಯಾಂಕರ್ ಹಿಂದೆ ಕೊಡ ಹಿಡಿದು ನಿಂತಿದ್ದಾಗ ಈ ಹುಲ್ಲಿಗೆ ಸಂಸ್ಕರಿಸಿದ ನೀರಿನ ಏರ್ಪಾಡಾಯಿತು. ಯಾರೂ ತುಳಿಯದಂತೆ ಸುತ್ತ ಪೊಲೀಸರು. ಮುಂದಿನ ಜನ್ಮ ಅಂತೇನಾದರೂ ಇದ್ದು, ಬೆಂಗಳೂರೇ ಗತಿ ಅಂತಾದರೆ, ದೇವರೇ, ನನ್ನನ್ನು ಅಲ್ಲಿ ಮಿಡ್‌ವಿಕೆಟ್ ಹತ್ತಿರ ಎಲ್ಲಾದರೂ ಮೊಳೆಯಿಸು.

ನೀರಿನ ಮಾತು ಬಂತಲ್ಲ, ಸ್ವಲ್ಪ ದಾರಿ ತಪ್ಪುತ್ತೇನೆ. ಈ ಊರಿನಲ್ಲಿ ಕ್ರೀಡಾಂಗಣ ಕಟ್ಟುವ ಶಾಸ್ತ್ರ ಗೊತ್ತೇ ಇದೆ. ಮೊದಲು ಒಂದು ಕೆರೆ ಹುಡುಕಬೇಕು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಎದ್ದಿತು. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಆಡುತ್ತೇವೆ. ಶೂಲೆ ಕೆರೆಯಲ್ಲಿ ಫುಟ್‌ಬಾಲ್. ಒಟ್ಟಿನಲ್ಲಿ ಬೆಂಗಳೂರಿನದು ಬಹುಪಾಲು ಜಲಕ್ರೀಡೆಯೇ. ಧರ್ಮಾಂಬುಧಿ ಕೆರೆಗೆ ಆ ಭಾಗ್ಯ ಸಿಗಲಿಲ್ಲ, ಅದು ಮೆಜೆಸ್ಟಿಕ್ ಬಸ್ ನಿಲ್ದಾಣವಾಗಿ ನಿಂತಿತು. ಸಂಪಂಗಿ ಕೆರೆಯ ಒಂದು ಚೂರು ಮಾತ್ರ ಇನ್ನೂ ಉಳಿದಿದೆ, ಕರಗದ ಶಾಸ್ತ್ರಕ್ಕೆ ಅಲ್ಲಿಗೇ ಬರುತ್ತಾರೆ. ಕೆರೆ ಎಲ್ಲಿತ್ತು ಅನ್ನುವುದು ಕರಗ ಹೊರುವವರಿಗೆ ನೆನಪಿದೆ, ಮಳೆಗೂ ನೆನಪಿದೆ, ಪಾಲಿಕೆಗೆ ಇಲ್ಲ. ಪಾಲಿಕೆಯನ್ನೂ ಈಗ ಐದು ಮಾಡಿದ್ದಾರೆ. ಮರೆಯುವುದಕ್ಕೆ ಒಂದೇ ಕಚೇರಿ ಸಾಲುತ್ತಿರಲಿಲ್ಲ ಅಂತ ಕಾಣುತ್ತದೆ.

ಹುಲ್ಲಿನ ಕತೆಗೆ ಮತ್ತೆ ಬರುತ್ತೇನೆ, ಯಾಕೆಂದರೆ ಅದರಲ್ಲಿ ಒಂದು ದಿನ ನನಗೆ ಮರೆಯಲಾಗುತ್ತಿಲ್ಲ. 2023ರ ಮೇ 21, ಭಾನುವಾರ. ಮಧ್ಯಾಹ್ನ ಜೋರು ಮಳೆ. ಸಂಜೆ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿಗೂ ಗುಜರಾತಿಗೂ ಪಂದ್ಯ. ಟಾಸ್ ಕೊಂಚ ತಡವಾಯಿತು, ಅಷ್ಟೇ. ಓವರ್ ಒಂದೂ ಕಡಿಮೆಯಾಗಲಿಲ್ಲ. ಕೊಹ್ಲಿ ಶತಕ, ಗಿಲ್ ಶತಕ. ಹೀಗೆ ಒಣಗಿಸಿಕೊಟ್ಟ ಯಂತ್ರಕ್ಕೆ ನಾವೆಲ್ಲ ಶಹಭಾಸ್ ಅಂದೆವು. ಅದೇ ಮಧ್ಯಾಹ್ನ, ಅದೇ ಮಳೆಗೆ, ಕಬ್ಬನ್ ಪಾರ್ಕಿನ ಇನ್ನೊಂದು ಮಗ್ಗುಲಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ನೀರು ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬಳು ಮುಳುಗಿ ಸತ್ತಳು. ವಿಧಾನಸೌಧ ಅಲ್ಲಿಂದ ಕಣ್ಣಳತೆಯ ದೂರದಲ್ಲಿದೆ. ಉದ್ಯಾನದ ಈ ಕಡೆ ಹುಲ್ಲಿಗೆ ನೀರು ತಾಕಿದ ಕೂಡಲೇ ಎಳೆದು ಹೊರಹಾಕುವ ಏರ್ಪಾಡು, ಆ ಕಡೆ ಮನುಷ್ಯರ ತಲೆ ಮುಳುಗಿದರೂ ನೀರು ಹೋಗಲು ಕಿಂಡಿಯಿಲ್ಲ. ಇದರಲ್ಲಿ ನಗಿಸುವುದೇನೂ ಇಲ್ಲ. ಆದರೂ ನವೀಕರಣದ ಮಾತೆತ್ತಿದಾಗೆಲ್ಲ ನನಗೆ ಇದೇ ಎದುರು ಬರುತ್ತದೆ.

ಇರಲಿ. ಪರಂಪರೆಯ ಪಕ್ಷದವರನ್ನು ಮರೆಯಬಾರದು. ಇವರು ಬಹುಪಾಲು ಬಸವನಗುಡಿ, ಮಲ್ಲೇಶ್ವರದ ಹಿರಿಯರು. ಒಂದು ಇಟ್ಟಿಗೆ ಕದಲಿಸಬಾರದು ಅನ್ನುತ್ತಾರೆ. ಅವರ ದುಃಖ ನನಗೆ ಅರ್ಥವಾಗುತ್ತದೆ. 1974ರ ನವೆಂಬರ್‌ನಲ್ಲಿ ಅಲ್ಲಿ ಮೊದಲ ಟೆಸ್ಟ್ ನಡೆದಾಗ ವೆಸ್ಟ್ ಇಂಡೀಸ್ ತಂಡದಲ್ಲಿ ಇಬ್ಬರು ಹೊಸಬರಿದ್ದರು. ಗಾರ್ಡನ್ ಗ್ರೀನಿಜ್ 93, ಆಮೇಲೆ 107. ಇನ್ನೊಬ್ಬ ವಿವಿಯನ್ ರಿಚರ್ಡ್ಸ್. ನಾಲ್ಕು, ಆಮೇಲೆ ಮೂರು. ಎರಡು ಸಲವೂ ಔಟ್ ಮಾಡಿದ್ದು ನಮ್ಮ ಚಂದ್ರಶೇಖರ್. ರಿಚರ್ಡ್ಸ್ ಮುಂದೆ ಲೋಕವನ್ನೇ ಬಡಿದು ಹಾಕಿದ, ಆದರೆ ಬೆಂಗಳೂರಿನಲ್ಲಿ ಆ ವಾರ ಅವನ ಬಾಬತ್ತು ಏಳು ರನ್ನು. ಇಂಥದ್ದನ್ನು ಕಣ್ಣಾರೆ ಕಂಡವರು ಕುರ್ಚಿ ಬದಲಿಸಬೇಡಿ ಅಂದರೆ ಬದಲಿಸಬೇಡಿ, ನನ್ನ ಅಭ್ಯಂತರವಿಲ್ಲ. ಆದರೆ 1971ರ ಜನಗಣತಿಯಲ್ಲಿ ಈ ಊರಿನ ಜನ 16 ಲಕ್ಷ ಚಿಲ್ಲರೆ. ಈಗ ಕೋಟಿ ದಾಟಿ ಎಷ್ಟೋ ಕಾಲವಾಯಿತು. ಅಂದಿನ ಬಾಗಿಲಲ್ಲಿ ಇಂದಿನ ಊರು ತೂರಿಕೊಂಡು ಹೋಗಬೇಕು ಅನ್ನುವುದಕ್ಕೂ ಚಂದ್ರಶೇಖರರ ಗೂಗ್ಲಿಗೂ ಸಂಬಂಧವಿಲ್ಲ.

2025ರ ಡಿಸೆಂಬರ್‌ನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಗೆ ವೆಂಕಟೇಶ್ ಪ್ರಸಾದ್ ಅಧ್ಯಕ್ಷರಾದರು. ಇದಕ್ಕಿಂತ ಸೂಕ್ತ ಆಯ್ಕೆ ಇರಲಿಲ್ಲ ಅಂತ ನಾನು ಗಂಭೀರವಾಗಿ ಹೇಳುತ್ತೇನೆ. 1996ರ ಮಾರ್ಚ್ 9ರ ರಾತ್ರಿ, ವಿಶ್ವಕಪ್ ಕ್ವಾರ್ಟರ್ ಫೈನಲ್, ಇದೇ ಮೈದಾನ. ಬೌಂಡರಿ ಹೊಡೆದು ಬ್ಯಾಟು ಚಾಚಿ ಕೆಣಕಿದ ಆಮಿರ್ ಸೊಹೈಲನ ಸ್ಟಂಪ್ ಕಿತ್ತು, ‘ಅತ್ತ ಹೋಗು’ ಅಂತ ಪೆವಿಲಿಯನ್ ಕಡೆ ಕೈ ತೋರಿಸಿದ್ದು ಇವರೇ. ಚಿನ್ನಸ್ವಾಮಿಯಿಂದ ಒಬ್ಬ ಮನುಷ್ಯ ಯಾವ ದಾರಿಯಲ್ಲಿ ಹೊರಗೆ ಹೋಗಬೇಕು ಅಂತ ಇಷ್ಟು ಸ್ಪಷ್ಟವಾಗಿ ಅದಕ್ಕೆ ಮೊದಲೂ ಆಮೇಲೂ ಯಾರೂ ಹೇಳಿದ್ದಿಲ್ಲ. ಅದನ್ನೇ ಇನ್ನು 35,000 ಜನಕ್ಕೆ ಹೇಳಿಕೊಟ್ಟರೆ ಅವರ ಅವಧಿ ಸಾರ್ಥಕ.

ಯಾಕೆಂದರೆ ಈ ರಿಪೇರಿ ಶುರುವಾಗಿದ್ದು ಕುರ್ಚಿ ಹಳತಾಯಿತು ಅಂತಲ್ಲ. ಇದನ್ನು ಪ್ರತಿಕ್ರಿಯೆ ಕೊಡುವವರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹದಿನೆಂಟು ವರ್ಷ ‘ಈ ಸಲ ಕಪ್ ನಮ್ದೇ’ ಅಂದು ಕೊನೆಗೂ ಕಪ್ ಬಂದ ಮರುದಿನ, 2025ರ ಜೂನ್ 4ರಂದು, ಅದೇ ಗೇಟುಗಳ ಹೊರಗೆ ಹನ್ನೊಂದು ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಶಾಲೆಗೆ ಹೋಗುವ ಹುಡುಗಿಯೂ ಇದ್ದಳು. ಕ್ರೀಡಾಂಗಣದ ಸಾಮರ್ಥ್ಯ 35,000, ಬಂದವರು ಎರಡು ಮೂರು ಲಕ್ಷ ಅಂತ ಮುಖ್ಯಮಂತ್ರಿಗಳೇ ಅಂದರು. ಹೊರಗೆ ಆಂಬುಲೆನ್ಸ್ ಓಡುತ್ತಿದ್ದಾಗ ಒಳಗೆ ಸಂಭ್ರಮ ನಡೆಯಿತು. ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಅವರ ಆಯೋಗ, ಈ ಕಟ್ಟಡದ ವಿನ್ಯಾಸವೇ ದೊಡ್ಡ ಜನಸಂದಣಿಗೆ ಹೊಂದುವಂಥದ್ದಲ್ಲ ಅಂತ ಬರೆದು ಕೊಟ್ಟಿತು. ಸಾಲು ನಿಲ್ಲಲು ಒಳಗೆ ಜಾಗವಿಲ್ಲ, ಜನ ಫುಟ್‌ಪಾತಿನ ಮೇಲೆ, ರಸ್ತೆಯ ಮೇಲೆ ನಿಲ್ಲಬೇಕು. ಇದು ಸಂಶೋಧನೆ ಮಾಡಿ ಕಂಡುಹಿಡಿಯುವ ವಿಷಯವೇನ್ರೀ? ಕ್ವೀನ್ಸ್ ರಸ್ತೆಯಲ್ಲಿ ಟಿಕೆಟ್ ಹಿಡಿದು ನಿಂತ ಪ್ರತಿಯೊಬ್ಬನಿಗೂ ಗೊತ್ತಿತ್ತು. ಲಾಠಿ ಹಿಡಿದು ನಿಂತವರಿಗೆ ಗೊತ್ತಿತ್ತು. ಟಿಕೆಟ್ ಮಾರಿದವರಿಗೆ ಗೊತ್ತಿರಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಆ ಹನ್ನೊಂದು ಜನ ಸತ್ತು ತಿಂಗಳಾಗುವ ಹೊತ್ತಿಗೆ ಬೆಸ್ಕಾಂನವರು ಬಂದು ಕ್ರೀಡಾಂಗಣದ ಕರೆಂಟು ಕಿತ್ತರು. ಅಗ್ನಿ ಸುರಕ್ಷತೆಯ ನಿಯಮ ಪಾಲಿಸಿಲ್ಲವಂತೆ. ಹೊನಲು ಬೆಳಕಿನಲ್ಲಿ ವರ್ಷವರ್ಷ ಪಂದ್ಯ ಆಡಿಸಿದಾಗ ಬೆಂಕಿಯ ಭಯ ಯಾರಿಗೂ ಇರಲಿಲ್ಲ. ಜನ ಉಸಿರುಕಟ್ಟಿ ಸತ್ತಾಗ ಬೆಂಕಿಯ ಕಾಗದ ನೆನಪಾಯಿತು. ಆಮೇಲೆ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ನವಿ ಮುಂಬೈಗೆ ಹೋದವು, ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು. ‘ಬ್ರ್ಯಾಂಡ್ ಬೆಂಗಳೂರಿಗೆ ಎಂಥ ಅವಮಾನ’ ಅಂತ ಜನ ಕಂಗಾಲಾದರು. ಪಂದ್ಯ ಹೋದದ್ದಕ್ಕೆ ಬಂದಷ್ಟು ಕಣ್ಣೀರು ಹನ್ನೊಂದು ಜನ ಹೋದದ್ದಕ್ಕೆ ಬಂದಿತ್ತೇ ಅಂತ ನನಗೆ ಅನುಮಾನ. ಪರಿಹಾರ ಘೋಷಣೆಯಾಯಿತು, ಸಾಲದು ಅಂತ ಏರಿಸಿದರು. ಪೊಲೀಸ್ ಅಧಿಕಾರಿಗಳು ಅಮಾನತಾದರು, ಅಮಾನತು ರದ್ದಾಯಿತು. ಸಾಕಾಗಿದೆ.

ಈಗ ಷರತ್ತು ಹಾಕಿ ಪಂದ್ಯಗಳಿಗೆ ಮತ್ತೆ ಅನುಮತಿ ಕೊಟ್ಟಿದ್ದಾರೆ. ಊರಿಗೆ ಕಳೆ ಬಂದಿದೆ. ಬೊಮ್ಮಸಂದ್ರ, ಪರಂಪರೆ, ಕುರ್ಚಿಯ ಬಣ್ಣ ಎಲ್ಲ ಬಿಟ್ಟು ಎಲ್ಲರೂ ಒಂದೇ ಪ್ರಶ್ನೆಗೆ ಬಂದು ನಿಂತಿದ್ದಾರೆ: ‘ಎರಡು ಪಾಸ್ ಆಗುತ್ತಾ ಸಾರ್?’ ಈ ಪ್ರಶ್ನೆಗೆ ಜಾತಿಯಿಲ್ಲ, ಪಕ್ಷವಿಲ್ಲ. ವಿಧಾನಸೌಧದ ಮೂರನೇ ಮಹಡಿಯಿಂದ ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರೆಗೆ ಎಲ್ಲರೂ ಯಾರನ್ನೋ ಹಿಡಿದಿದ್ದಾರೆ. ಗೇಟು ಎಷ್ಟು ಅಗಲವಾಯಿತು ಅಂತ ಕೇಳಿದವರನ್ನು ನಾನಂತೂ ಕಾಣೆ.

ರಿಪೇರಿ ಮಾಡುವವರಿಗೆ ನನ್ನದೊಂದು ಕೋರಿಕೆ ಇದೆ. ಅದಕ್ಕೆ ಎಐ ಬೇಡ, ಒಂದು ತಗಡಿನ ಹಲಗೆ ಸಾಕು. ಪ್ರತಿ ಗೇಟಿನ ಮೇಲೂ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಸಿ: ಈ ಬಾಗಿಲಿನಿಂದ ಎಷ್ಟು ಜನ, ಎಷ್ಟು ನಿಮಿಷದಲ್ಲಿ ಹೊರಗೆ ಹೋಗಬಲ್ಲರು, ಹಾಗಂತ ಲೆಕ್ಕ ಹಾಕಿ ಸಹಿ ಮಾಡಿದವರು ಯಾರು. ಟಿಕೆಟ್ ಮೇಲೂ ಅದನ್ನೇ ಅಚ್ಚು ಹಾಕಿ, ದರದ ಪಕ್ಕದಲ್ಲಿ. ಪಾಸಿನ ಮೇಲೆ ಹಾಕದಿದ್ದರೂ ನಡೆಯುತ್ತದೆ. ಅವರ ಗೇಟೇ ಬೇರೆ.