ಮೃಗಾಲಯದ ಸಂಶೋಧನೆಯಿಂದ ಕಾಡಿನ ಪ್ರಾಣಿ ಉಳಿದೀತೇ?

ಪರ: ಕೈಗೆ ಸಿಕ್ಕ ಪ್ರಾಣಿಯಿಂದಲೇ ಕೈಗೆ ಸಿಗದ ಪ್ರಾಣಿಗೆ ಮದ್ದು
(ಮೈಸೂರಿನ ನಿವೃತ್ತ ಸರ್ಕಾರಿ ಪಶುವೈದ್ಯರೊಬ್ಬರು)

1997ರಲ್ಲಿ ನಾನು ನಾಗಮಂಗಲ ತಾಲ್ಲೂಕಿನ ಹಳ್ಳಿಯೊಂದರ ಪಶು ಆಸ್ಪತ್ರೆಯಲ್ಲಿದ್ದೆ. ಮುಂಗಾಲು ಊದಿಕೊಂಡು ಏಳಲಾರದೆ ಮಲಗಿದ್ದ ಹಳ್ಳಿಕಾರ್ ಎತ್ತೊಂದಕ್ಕೆ ಮೂರು ದಿನ ಡೈಕ್ಲೋಫೆನಾಕ್ ಚುಚ್ಚುಮದ್ದು ಕೊಟ್ಟೆ. ಅಗ್ಗದ ಬೆಲೆಗೆ ಸಿಗುತ್ತಿದ್ದ, ನೋವನ್ನೂ ಊತವನ್ನೂ ಬೇಗ ಇಳಿಸುತ್ತಿದ್ದ ಆ ಔಷಧವನ್ನು ರೈತರು ಹೆಸರು ಹೇಳಿಯೇ ಕೇಳುತ್ತಿದ್ದರು. ಎತ್ತು ಉಳಿಯಲಿಲ್ಲ. ಮನೆಯವರು ಅದನ್ನು ಗಾಡಿಯಲ್ಲಿ ಸಾಗಿಸಿ ಗೋಮಾಳದ ಅಂಚಿನಲ್ಲಿ ಬಿಟ್ಟು ಬಂದರು. ಮಧ್ಯಾಹ್ನದ ಹೊತ್ತಿಗೆ ರಣಹದ್ದುಗಳು ಇಳಿದವು. ಎರಡು ದಿನ ಕಳೆದು ನಾನು ಅದೇ ದಾರಿಯಲ್ಲಿ ಬರುವಾಗ ಆಲದ ಮರವೊಂದರಲ್ಲಿ ನಾಲ್ಕು ಹದ್ದುಗಳು ಕತ್ತನ್ನು ಎದೆಯ ಮೇಲೆ ಇಳಿಬಿಟ್ಟುಕೊಂಡು, ಮೋಟರ್ ಸೈಕಲ್ಲಿನ ಸದ್ದಿಗೂ ಅಲುಗದೆ ಕುಳಿತಿದ್ದವು. ಹೊಟ್ಟೆ ತುಂಬಿದ ಹಕ್ಕಿಯ ಮಂಪರು ಎಂದು ತಿಳಿದು ಮುಂದೆ ಹೋದೆ. ಅಲ್ಲಿಂದ ವರ್ಗವಾಗುವ ಹೊತ್ತಿಗೆ ಆ ಗೋಮಾಳದಲ್ಲಿ ಸತ್ತ ದನವನ್ನು ನಾಯಿಗಳಷ್ಟೇ ತಿನ್ನುತ್ತಿದ್ದವು.

ಪಾಕಿಸ್ತಾನದಲ್ಲಿ ಸತ್ತ ರಣಹದ್ದುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2004ರಲ್ಲಿ ಕಾರಣವನ್ನು ಪ್ರಕಟಿಸಿದರು: ಡೈಕ್ಲೋಫೆನಾಕ್ ಪಡೆದ ದನದ ಮಾಂಸ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು, ಯೂರಿಕ್ ಆಮ್ಲ ಒಳಗಿನ ಅಂಗಗಳ ಮೇಲೆಲ್ಲ ಸುಣ್ಣದಂತೆ ಕಟ್ಟಿಕೊಂಡಿತ್ತು. ಕತ್ತು ಇಳಿಬಿಟ್ಟು ಕೂರುವುದು ಆ ರೋಗದ ಲಕ್ಷಣ. ಅದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ.

ಔಷಧವನ್ನು ನಿಷೇಧಿಸಿ ಎಂದು ಹೇಳುವುದು ಸುಲಭ. ಆದರೆ ನೋವಿನಿಂದ ನರಳುವ ಹಸುವಿಗೆ ಬದಲಿಯಾಗಿ ಏನು ಕೊಡಬೇಕು, ಆ ಬದಲಿ ಔಷಧವೂ ಹದ್ದನ್ನು ಕೊಲ್ಲುವುದಿಲ್ಲವೆಂದು ಯಾರು ಹೇಳಬೇಕು? ಆಕಾಶದಲ್ಲಿ ಹಾರುವ ಹದ್ದನ್ನು ಹಿಡಿದು, ಅಳತೆ ಮಾಡಿ ಮದ್ದು ಕೊಟ್ಟು, ಗಂಟೆಗಂಟೆಗೆ ರಕ್ತ ತೆಗೆಯಲು ಆಗುವುದಿಲ್ಲ. ಆ ಕೆಲಸ ನಡೆದದ್ದು ಮೊದಲು ದಕ್ಷಿಣ ಆಫ್ರಿಕಾದಲ್ಲಿ, ಅನಂತರ ನಮ್ಮ ದೇಶದಲ್ಲಿ, ಮನುಷ್ಯರ ಆರೈಕೆಯಲ್ಲಿದ್ದ ಹದ್ದುಗಳ ಮೇಲೆ. ಅದೇ ಹೊತ್ತಿನಲ್ಲಿ ಹಲವು ದೇಶಗಳ ಮೃಗಾಲಯಗಳ ಮತ್ತು ಪಶುವೈದ್ಯರ ಚಿಕಿತ್ಸಾ ದಾಖಲೆಗಳನ್ನು ಕಲೆಹಾಕಿ ನೋಡಿದಾಗ, ಮೆಲಾಕ್ಸಿಕಾಮ್ ಎಂಬ ಬದಲಿ ನೋವುನಿವಾರಕ ಪಡೆದ 60 ಜಾತಿಗಳ 700ಕ್ಕೂ ಹೆಚ್ಚು ಹಕ್ಕಿಗಳಲ್ಲಿ ಒಂದೂ ಆ ಔಷಧದಿಂದ ಸತ್ತಿರಲಿಲ್ಲವೆಂದು ತಿಳಿಯಿತು. ಹದ್ದು, ಗೂಬೆ, ಕೊಕ್ಕರೆ, ಹೀಗೆ ಯಾವ ಹಕ್ಕಿಗೆ ಯಾವ ದಿನ ಎಷ್ಟು ಮದ್ದು ಎಂದು ಮೃಗಾಲಯದ ವೈದ್ಯರು ವರ್ಷಗಟ್ಟಲೆ ಬರೆದಿಟ್ಟ ಪುಸ್ತಕಗಳಿಂದ ಬಂದ ಉತ್ತರ ಅದು. ಭಾರತ 2006ರಲ್ಲಿ ಜಾನುವಾರುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಿಷೇಧಿಸಿತು. ನನ್ನ ಕೊನೆಯ ವರ್ಷಗಳ ಸೇವೆಯಲ್ಲಿ ನಾನು ಬಳಸಿದ್ದು ಮೆಲಾಕ್ಸಿಕಾಮ್ ಒಂದನ್ನೇ.

ಆದ್ದರಿಂದ ಮತ್ತೆ ಹೇಳುತ್ತೇನೆ: ಕೈಗೆ ಸಿಗುವ ಪ್ರಾಣಿ ಇಲ್ಲದಿದ್ದರೆ ಕೈಗೆ ಸಿಗದ ಪ್ರಾಣಿಯ ರೋಗವೂ ತಿಳಿಯುವುದಿಲ್ಲ, ಮದ್ದೂ ತಿಳಿಯುವುದಿಲ್ಲ. ಆನೆಯ ಹರ್ಪಿಸ್ ವೈರಾಣುವನ್ನೇ ನೋಡಿ. ಎಳೆಯ ಆನೆಗಳನ್ನು ಒಂದೆರಡು ದಿನಗಳಲ್ಲಿ ಒಳಗೊಳಗೇ ರಕ್ತಸ್ರಾವವಾಗಿಸಿ ಕೊಲ್ಲುವ ಈ ರೋಗ ಜಗತ್ತಿಗೆ ತಿಳಿದದ್ದು 1995ರಲ್ಲಿ ವಾಷಿಂಗ್ಟನ್ನಿನ ಮೃಗಾಲಯದಲ್ಲಿ ಸತ್ತ ಕುಮಾರಿ ಎಂಬ ಆನೆಮರಿಯಿಂದ. ಕಾಡಿನಲ್ಲಿ ಸತ್ತ ಮರಿಯ ದೇಹ ನಮಗೆ ಸಿಗುವ ಹೊತ್ತಿಗೆ ವೈರಾಣುವನ್ನು ಹುಡುಕಲು ಉಳಿದಿರುವುದಾದರೂ ಏನು? 2019ರಲ್ಲಿ ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಎಳೆಯ ಆನೆಗಳು ಇದೇ ರೋಗದಿಂದ ಸತ್ತವು. 2024ರಲ್ಲಿ ಅಮೆರಿಕದ ಹ್ಯೂಸ್ಟನ್ ಮೃಗಾಲಯದ ಆನೆಯೊಂದಕ್ಕೆ ಇದರ ವಿರುದ್ಧ ಹೊಸ ಬಗೆಯ ಲಸಿಕೆಯನ್ನು ಮೊದಲ ಬಾರಿಗೆ ಕೊಡಲಾಯಿತು. ಆ ಲಸಿಕೆ ಫಲ ಕೊಟ್ಟರೆ ನಮ್ಮ ಮತ್ತಿಗೋಡು, ದುಬಾರೆ ಶಿಬಿರಗಳ ಮರಿಗಳಿಗೂ ಅದರ ಪ್ರಯೋಜನ ದೊರೆಯಬಹುದು. ಲದ್ದಿ, ಹಿಕ್ಕೆಗಳಿಂದ ಗರ್ಭವನ್ನೂ ಒತ್ತಡವನ್ನೂ ಕಂಡುಹಿಡಿಯುವ ಹಾರ್ಮೋನ್ ಪರೀಕ್ಷೆಗಳನ್ನು ಒರೆಗೆ ಹಚ್ಚಿದ್ದೂ ಮೃಗಾಲಯದ ಪ್ರಾಣಿಗಳಲ್ಲಿಯೇ.

ಮೃಗಾಲಯವೆಂದರೆ ಸೆರೆಮನೆ, ಬೀಗ ತೆರೆದು ಎಲ್ಲವನ್ನೂ ಕಾಡಿಗೆ ಬಿಡಿ ಎನ್ನುವವರಿಗೆ ಇವೆಲ್ಲ ಬೇಕಿಲ್ಲ. 1892ರಿಂದ ನಡೆದುಬಂದಿರುವ ನಮ್ಮ ಚಾಮರಾಜೇಂದ್ರ ಮೃಗಾಲಯದಲ್ಲಿ ಬೆಳಗಿನ ಜಾವ ಮೇವು ತೂಗಿ, ಪ್ರಾಣಿ ಎಷ್ಟು ತಿಂದಿತು, ಎಷ್ಟು ಬಿಟ್ಟಿತು ಎಂದು ನೋಡುವ ಪಾಲಕರ ಜೊತೆ ಅವರು ಒಂದು ದಿನ ಕಳೆಯಲಿ. ನನಗೆ ಆ ಪಾಲಕರ ಬಗ್ಗೆ ಇರುವ ಗೌರವ ದೊಡ್ಡದು. 1997ರಲ್ಲಿ ಅಂಥದೊಂದು ದಾಖಲೆ ನನ್ನ ಕೈಯಲ್ಲಿದ್ದಿದ್ದರೆ ನಾನು ಆ ಎತ್ತಿಗೆ ಬೇರೆ ಮದ್ದು ಕೊಡುತ್ತಿದ್ದೆ.

ವಿರೋಧ: ಪಂಜರದ ಪಾಠ ಹೊಳೆಯಲ್ಲಿ ನಡೆಯದು
(ಮಂಡ್ಯದ ಪ್ರಾಣಿಶಾಸ್ತ್ರ ಅಧ್ಯಾಪಕಿಯೊಬ್ಬರು)

ವಿರೋಧದ ಪಕ್ಷವನ್ನು ಬರೆಯುವಂತೆ ನನ್ನನ್ನು ಕೇಳಿಕೊಂಡಿದ್ದಾರೆ. ಪ್ರತಿವರ್ಷ ವಿದ್ಯಾರ್ಥಿಗಳನ್ನು ಮೈಸೂರಿನ ಮೃಗಾಲಯಕ್ಕೆ ಕರೆದುಕೊಂಡು ಹೋಗುವವಳಾದ್ದರಿಂದ ಈ ಪಕ್ಷದಲ್ಲಿ ನನ್ನ ನಂಬಿಕೆ ಪೂರ್ತಿಯಾದದ್ದಲ್ಲ ಎಂದು ಮೊದಲೇ ಹೇಳಿಬಿಡುವುದು ಸರಿ. ಆದರೂ ಈ ಕಡೆಗೆ ಹೇಳಬೇಕಾದ ಮಾತುಗಳಿವೆ.

ಪ್ರಾಣಿಗಳು ಅಳಿಯುತ್ತಿರುವುದಕ್ಕೆ ಮುಖ್ಯ ಕಾರಣ ನಮಗೆ ತಿಳಿಯದ ರೋಗವಲ್ಲ, ನಮಗೆ ಚೆನ್ನಾಗಿ ತಿಳಿದಿರುವ ನೆಲದ ನಾಶ. ಘರಿಯಾಲ್ ಮೊಸಳೆಯ ಕಥೆ ಇದಕ್ಕೆ ಸಾಕ್ಷಿ. 1975ರಲ್ಲಿ ಆರಂಭವಾದ ಮೊಸಳೆ ಯೋಜನೆಯಡಿ ಮೊಟ್ಟೆಗಳನ್ನು ತಂದು ಮರಿಮಾಡಿಸುವುದು, ಮರಿಗಳನ್ನು ಸಾಕಿ ದೊಡ್ಡದು ಮಾಡುವುದು ಎಲ್ಲವನ್ನೂ ಕಲಿತೆವು. 1980ರಲ್ಲಿ ನಂದನಕಾನನದಲ್ಲಿ ಅವು ಸೆರೆಯಲ್ಲಿಯೇ ಸಂತಾನ ಪಡೆದವು. ಸಾವಿರಾರು ಮರಿಗಳನ್ನು ಚಂಬಲ್ ಮತ್ತಿತರ ನದಿಗಳಿಗೆ ಬಿಟ್ಟರು. ಅಷ್ಟಾದ ಮೇಲೂ 2007ರಲ್ಲಿ ಘರಿಯಾಲ್ ತೀವ್ರ ಅಪಾಯದಂಚಿನ ಪಟ್ಟಿಗೆ ಸೇರಿತು, ಏಕೆಂದರೆ ಕಾಡಿನಲ್ಲಿ ಮರಿಮಾಡುವ ವಯಸ್ಸಿನವು 200ಕ್ಕಿಂತ ಕಡಿಮೆ ಉಳಿದಿದ್ದವು. ಮರಳು ತೆಗೆದ ದಂಡೆಯಲ್ಲಿ ಮೊಸಳೆ ಮೊಟ್ಟೆಯಿಡುವುದಾದರೂ ಎಲ್ಲಿ? ಕಾವೇರಿಯ ದಂಡೆಯ ಊರುಗಳಲ್ಲಿ ಮರಳಿನ ಲಾರಿಗಳನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪಂಜರದಲ್ಲಿ ಹತ್ತು ರಣಹದ್ದುಗಳನ್ನು ಸಾಕಿ ಆಕಾಶ ತುಂಬಿತೆಂದು ಸಂತೋಷಪಡುವ ವಾದವನ್ನು ನಾನು ಒಪ್ಪಲಾರೆ.

ಹುಲಿಯ ಬಗ್ಗೆ ನಾವು ನಿಜವಾಗಿ ಕಲಿತದ್ದು ಎಲ್ಲಿ? ಮೈಸೂರಿನಿಂದ ಕೆಲವೇ ಗಂಟೆಗಳ ದಾರಿಯ ನಾಗರಹೊಳೆಯಲ್ಲಿ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ಅಲ್ಲಿ ಹುಲಿಗಳಿಗೆ ರೇಡಿಯೋ ಕೊರಳಪಟ್ಟಿ ತೊಡಿಸಿ, ಕ್ಯಾಮೆರಾಗಳನ್ನಿಟ್ಟು, ಪ್ರತಿ ಹುಲಿಯ ಪಟ್ಟೆಗಳನ್ನು ಗುರುತಿಸಿ ಎಣಿಸುವ ವಿಧಾನವನ್ನು ರೂಪಿಸಿದರು. ಹುಲಿ ಎಷ್ಟು ದೂರ ನಡೆಯುತ್ತದೆ, ಎಷ್ಟು ಕಡವೆ, ಕಾಟಿಗಳಿದ್ದರೆ ಎಷ್ಟು ಹುಲಿಗಳು ಬದುಕುತ್ತವೆ ಎಂಬುದನ್ನು ಯಾವ ಮೃಗಾಲಯವೂ ತಿಳಿಸಲಾರದು.

ನಮ್ಮ ಜಿಲ್ಲೆಯ ಮೇಲುಕೋಟೆಯ ವನ್ಯಧಾಮವನ್ನು 1974ರಲ್ಲಿ ಘೋಷಿಸಿದ್ದು ತೋಳಕ್ಕಾಗಿ. ಹದಿನೈದು ವರ್ಷಗಳಿಂದ ಅಲ್ಲಿಗೆ ಹೋಗುತ್ತಿದ್ದೇನೆ; ಚಿರತೆಯ ಹೆಜ್ಜೆ ಹಲವು ಸಲ ಕಂಡಿದ್ದೇನೆ, ತೋಳವನ್ನು ಒಂದು ಸಲವೂ ಕಂಡಿಲ್ಲ. ಅಲ್ಲಿನ ಕುರಿಗಾಹಿಯೊಬ್ಬರು, ‘ನಮ್ಮಪ್ಪನ ಕಾಲದಲ್ಲಿ ರಾತ್ರಿ ಹಟ್ಟಿ ಕಾಯ್ತಿದ್ದದ್ದೇ ತೋಳಕ್ಕೆ ಕಣಮ್ಮ’ ಎಂದರು. ನನ್ನ ವಿದ್ಯಾರ್ಥಿಗಳು ತೋಳವನ್ನು ನೋಡಿದ್ದು ಮೃಗಾಲಯದಲ್ಲಿ ಮಾತ್ರ. ತೋಳದ ಗರ್ಭಾವಧಿ, ಆಹಾರ, ರೋಗ ಎಲ್ಲವೂ ಪುಸ್ತಕದಲ್ಲಿದೆ. ಅದಕ್ಕೆ ಬೇಕಾದ ಕುರುಚಲು ಬಯಲನ್ನು ಮಾತ್ರ ಪಾಳುಭೂಮಿಯೆಂದು ಬರೆದು ಬೇರೆ ಕೆಲಸಗಳಿಗೆ ಕೊಡುತ್ತಿದ್ದೇವೆ.

ಮೃಗಾಲಯದ ಸಂಶೋಧನೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಸಂರಕ್ಷಣೆಯ ಹೆಸರಿನಲ್ಲಿ ಸಂಶೋಧನೆ ನಡೆಸುವ ಪ್ರತಿ ಮೃಗಾಲಯವೂ, ಆ ವರ್ಷದ ಅಧ್ಯಯನಗಳಲ್ಲಿ ಯಾವುದು ಯಾವ ಕಾಡಿನ ಯಾವ ಪ್ರಾಣಿಗೆ ಒದಗಿತು ಎಂಬುದನ್ನು ಕನ್ನಡದಲ್ಲಿ ಬರೆದು ಪ್ರವೇಶದ್ವಾರದಲ್ಲಿಯೇ ಹಾಕಲಿ. ಆ ಫಲಕದಲ್ಲಿ ಮೇಲುಕೋಟೆಯ ಹೆಸರನ್ನು ಓದುವ ದಿನ ನನ್ನ ವಿರೋಧವನ್ನು ಹಿಂತೆಗೆದುಕೊಳ್ಳಲು ಸಿದ್ಧಳಿದ್ದೇನೆ.